ಗಂಟಲ ಬಳಿ ಕೆಂಪು ಗೀರಿರುವ ಈ ಟ್ರೌಟ್ ಕೊಲರಾಡೊದ ಮೂಲ ತಳಿಯೇ?

ಪ್ರಶ್ನೆ: ಡೆನ್ವರ್‌ನ ಪಶ್ಚಿಮಕ್ಕೆ ಕ್ಲಿಯರ್ ಕ್ರೀಕ್ ಹೊಳೆಯಲ್ಲಿ ಗೇಣುದ್ದದ ಟ್ರೌಟ್ ಒಂದು ಗಾಳಕ್ಕೆ ಸಿಕ್ಕಿತು. ಕೆಳದವಡೆಯ ಅಡಿಯಲ್ಲಿ ಎರಡು ಕಿತ್ತಳೆಗೆಂಪು ಗೀರುಗಳಿದ್ದವು. ಆದರೆ ಪಕ್ಕೆಯ ಉದ್ದಕ್ಕೂ ನಸುಗುಲಾಬಿ ಪಟ್ಟೆ, ತಲೆಯ ಮೇಲೆಲ್ಲ ಕಪ್ಪು ಚುಕ್ಕೆ, ಹೊಟ್ಟೆಯ ಕೆಳಗಿನ ರೆಕ್ಕೆಗಳಿಗೆ ಬಿಳಿ ಅಂಚು ಕೂಡ ಇದ್ದವು. ಇದನ್ನು ಕೊಲರಾಡೊದ ಮೂಲ ತಳಿಯಾದ ಗ್ರೀನ್‌ಬ್ಯಾಕ್ ಕಟ್‌ತ್ರೋಟ್ ಟ್ರೌಟ್ ಎಂದು ದಾಖಲಿಸಬಹುದೇ?

ಉತ್ತರ: ದಯವಿಟ್ಟು ಹಾಗೆ ದಾಖಲಿಸಬೇಡಿ. ಗೀರು ಕಟ್‌ತ್ರೋಟ್‌ನ ಗುರುತು ಹೌದು, ಆದರೆ ಕಟ್‌ತ್ರೋಟ್ ಮತ್ತು ರೇನ್‌ಬೋ ಟ್ರೌಟ್‌ಗಳ ಮಿಶ್ರತಳಿಯಾದ ಕಟ್‌ಬೋ ಮೀನಿನಲ್ಲೂ ಅದು ಕಾಣುತ್ತದೆ. ಬಿಳಿ ಅಂಚು ಮತ್ತು ತಲೆಯ ತುಂಬ ಚುಕ್ಕೆ ರೇನ್‌ಬೋ ರಕ್ತವನ್ನು ಸೂಚಿಸುತ್ತವೆ. ಗ್ರೀನ್‌ಬ್ಯಾಕ್‌ನ ಚುಕ್ಕೆಗಳು ದೊಡ್ಡವು, ಬಾಲದ ಕಡೆಗೆ ಒತ್ತಾಗಿ, ತಲೆಯ ಕಡೆಗೆ ವಿರಳವಾಗಿರುತ್ತವೆ. ಎರಡೂ ಜಾತಿಗಳು ವಸಂತದಲ್ಲೇ ಮೊಟ್ಟೆಯಿಡುವುದರಿಂದ ಸುಲಭವಾಗಿ ಬೆರೆಯುತ್ತವೆ, ಹುಟ್ಟಿದ ಮರಿಗಳಿಗೂ ಸಂತಾನಶಕ್ತಿ ಇರುವುದರಿಂದ ಕೆಲವು ತಲೆಮಾರುಗಳ ನಂತರ ಬೆರಕೆ ಕಣ್ಣಿಗೆ ಕಾಣದಷ್ಟು ಅಡಗಿಬಿಡುತ್ತದೆ.

ಪ್ರಶ್ನೆ: ಹಾಗಿದ್ದರೆ ತಲೆಯ ಮೇಲೆ ಚುಕ್ಕೆಯೂ ರೆಕ್ಕೆಗೆ ಬಿಳಿ ಅಂಚೂ ಇಲ್ಲದ ಮೀನು ಸಿಕ್ಕರೆ ಅದು ಖಚಿತವಾಗಿ ಗ್ರೀನ್‌ಬ್ಯಾಕ್ ಆಗುತ್ತದೆಯೇ?

ಉತ್ತರ: ಆಗಲೂ ಖಚಿತವಲ್ಲ, ಏಕೆಂದರೆ ಈ ವಿಷಯದಲ್ಲಿ ತಜ್ಞರ ಕಣ್ಣೂ ದಶಕಗಳ ಕಾಲ ಸೋತಿದೆ. 1937ರಲ್ಲಿ ನಿರ್ನಾಮವಾಯಿತೆಂದು ನಂಬಲಾಗಿದ್ದ ಈ ಮೀನು ಮತ್ತೆ ಸಿಕ್ಕಿತೆಂದು ತಿಳಿದು ಅನೇಕ ತೊರೆಗಳಲ್ಲಿ ಬೆಳೆಸಿದರು. ಆದರೆ 2012ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ವಸ್ತುಸಂಗ್ರಹಾಲಯಗಳ ಹಳೆಯ ಮೀನುಗಳ ಡಿಎನ್‌ಎ ಹೋಲಿಸಿ ನೋಡಿದಾಗ, ಹಾಗೆ ಬೆಳೆಸಿದ ಮೀನುಗಳಲ್ಲಿ ಬಹುಪಾಲು ಬೇರೆ ವಂಶದವು ಎಂದು ತಿಳಿಯಿತು. ಅಸಲಿ ಗ್ರೀನ್‌ಬ್ಯಾಕ್ ಉಳಿದಿದ್ದುದು ಕೊಲರಾಡೊ ಸ್ಪ್ರಿಂಗ್ಸ್ ಬಳಿಯ ಬೇರ್ ಕ್ರೀಕ್ ಎಂಬ ಒಂದೇ ತೊರೆಯಲ್ಲಿ. ಅದೂ ಅದರ ತವರಲ್ಲ: ತವರು ಸೌತ್ ಪ್ಲಾಟ್ ನದಿಯ ಜಲಾನಯನ, ಬೇರ್ ಕ್ರೀಕ್ ಸೇರುವುದು ಅರ್ಕಾನ್ಸಸ್ ನದಿಯ ವ್ಯವಸ್ಥೆಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ತಂದು ಬಿಟ್ಟ ಮೀನುಗಳು ಒಂದಿಡೀ ವಂಶವನ್ನು ಉಳಿಸಿದವು ಎಂಬುದು ನನಗೆ ಇಂದಿಗೂ ಅಚ್ಚರಿಯ ಸಂಗತಿ.

ಆದುದರಿಂದ ಬಣ್ಣಕ್ಕಿಂತ ಮೊದಲು ತೊರೆಯ ಇತಿಹಾಸ ನೋಡಬೇಕು. ಕ್ಲಿಯರ್ ಕ್ರೀಕ್‌ಗೆ ಸೇರುವ ಹರ್ಮನ್ ಗಲ್ಚ್‌ನಲ್ಲಿ ಬೇರ್ ಕ್ರೀಕ್ ಸಂತತಿಯನ್ನು ಬಿಡಲಾಗಿದ್ದು, ಅವು ಅಲ್ಲಿ ತಾವಾಗಿಯೇ ಮರಿಮಾಡುತ್ತಿವೆ ಎಂದು 2022ರಲ್ಲಿ ರಾಜ್ಯದ ವನ್ಯಜೀವಿ ಇಲಾಖೆ ತಿಳಿಸಿತು. ಮುಖ್ಯ ಹೊಳೆಯಲ್ಲಾದರೋ ರೇನ್‌ಬೋ ಕೂಡ ಇದೆ. ನಿಮ್ಮ ಮೀನನ್ನು ‘ಬಹುಶಃ ಕಟ್‌ಬೋ’ ಎಂದು ಬರೆಯಿರಿ. ಮುಂದೆ ಸಂಶಯ ಬಂದರೆ ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಹಿಡಿದು, ಪಕ್ಕೆ, ತಲೆ, ರೆಕ್ಕೆಗಳ ಅಂಚು ಮತ್ತು ದವಡೆಯ ಅಡಿಭಾಗ ಕಾಣುವಂತೆ ಬೇಗನೆ ಫೋಟೊ ತೆಗೆದು ಬಿಟ್ಟುಬಿಡಿ.