ಪರದೆ ಹಿಂದಿನ ಕಣ್ಣಪ್ಪ

ಪುಟ್ಟಿ, ನಿನ್ನ ವಾಯ್ಸ್ ಮೆಸೇಜ್ ಬೆಳಿಗ್ಗೆಯೇ ಕೇಳಿದೆ. ಮಗೂನ ಮೊದಲ ಸಲ ಮಾಲ್‌ನ ಸಿನಿಮಾಗೆ ಕರೆದುಕೊಂಡು ಹೋಗಿದ್ದು, ಹತ್ತೇ ನಿಮಿಷಕ್ಕೆ ಅದು ಅಳಲು ಶುರು ಮಾಡಿದ್ದು, ಪಾಪ್‌ಕಾರ್ನ್ ಡಬ್ಬಿ ಹಿಡಿದುಕೊಂಡು ನೀವು ಆಚೆ ಬಂದಿದ್ದು, ಎಲ್ಲಾ ಕೇಳಿದೆ. ಅದಕ್ಕೆ ನಿಮ್ಮಪ್ಪ ಕೆಳಗೆ ಏನು ಬರೆದಿದ್ದಾನೆ ನೋಡು. "ನಿಮ್ಮ ಅತ್ತೆಯೂ ಹಾಗೇ. ಮೊದಲ ಸಿನಿಮಾದಲ್ಲಿ ಹೆದರಿ ಅತ್ತು ಊರೆಲ್ಲ ಒಂದು ಮಾಡಿದವಳು." ಐವತ್ತು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದಾನೆ. ನನ್ನ ಮದುವೆ ಮನೆಯಲ್ಲೂ ಬೀಗರ ಮುಂದೆ ಹೇಳಿದ. ಇವತ್ತು ನಾನು ಪೂರ್ತಿ ಹೇಳುತ್ತೇನೆ. ಉದ್ದ ಆಗುತ್ತೆ, ಅಡುಗೆ ಮಾಡುತ್ತಾ ಕೇಳಿಸಿಕೊಳ್ಳಿ. ಅಣ್ಣಾ, ನೀನು ಮಾತ್ರ ಅರ್ಧಕ್ಕೆ ನಿಲ್ಲಿಸಬೇಡ. ಕೊನೆಯಲ್ಲಿ ನಿನಗೊಂದು ವಿಷಯ ಇದೆ.

ಮೊದಲನೆಯದಾಗಿ, ನನ್ನ ಮೊದಲ ಸಿನಿಮಾ ಟೆಂಟಿನಲ್ಲಿ ನೋಡಿದ್ದಲ್ಲ. ಟೆಂಟು ಬಂದಿದ್ದು ಮಾರನೇ ವರ್ಷ. ಮೊದಲು ನೋಡಿದ್ದು ನಮ್ಮೂರ ಈಶ್ವರನ ಗುಡಿ ಮುಂದೆ, 1973ರ ಶಿವರಾತ್ರಿ ಜಾಗರಣೆಗೆ. ನಾನಾಗ ಒಂದನೇ ಕ್ಲಾಸು, ಅಣ್ಣ ಮೂರನೇ ಕ್ಲಾಸು. ಜಾಗರಣೆಗೆ ಬಂದವರು ಭಜನೆ ನಡುವೆಯೇ ಗೊರಕೆ ಹೊಡೆಯುತ್ತಾರೆ ಅಂತ ಆ ವರ್ಷ ಊರವರು ಮನೆ ಮನೆಗೆ ಚಂದಾ ಎತ್ತಿ ತುಮಕೂರಿಂದ ಸಿನಿಮಾ ಮಿಷನ್ ಬಾಡಿಗೆಗೆ ತರಿಸಿದ್ದರು. ಹದಿನಾರು ಎಂಎಂ ಮಿಷನ್ನು, ಟ್ರಂಕ್ ಥರ ಒಂದು ಪೆಟ್ಟಿಗೆಯಲ್ಲಿ ಬಂದಿತ್ತು. ಜೊತೆಗೆ ಇನ್ನೊಂದು ಪೆಟ್ಟಿಗೆ ಸ್ಪೀಕರ್. ಗುಡಿಯಿಂದ ವೈರು ಎಳೆದು, ಎರಡು ಗಳ ನೆಟ್ಟು, ಎರಡು ಬಿಳಿ ಪಂಚೆ ಸೇರಿಸಿ ಹೊಲಿದು ಪರದೆ ಕಟ್ಟಿದರು. ಹೊಲಿಗೆ ಸರಿಯಾಗಿ ನಡುವೆ ಬಂದಿತ್ತು. ಯಾರೇ ಪರದೆ ಮೇಲೆ ಮಧ್ಯಕ್ಕೆ ಬಂದು ನಿಂತರೂ ಅವರ ಮೂಗಿನ ಮೇಲೆ ಒಂದು ಗೆರೆ.

ಚಿತ್ರ ಯಾವುದು ಗೊತ್ತಾ? ಶಿವರಾತ್ರಿ ಅಂದಮೇಲೆ ಬೇರೆ ಯಾವುದು ತರುತ್ತಾರೆ, ಬೇಡರ ಕಣ್ಣಪ್ಪ. 1954ರ ಚಿತ್ರ. ರಾಜ್‌ಕುಮಾರ್ ನಾಯಕರಾಗಿದ್ದು ಅದರಲ್ಲೇ ಮೊದಲು. ನಮ್ಮೂರು ಗುಬ್ಬಿಗೂ ತಿಪಟೂರಿಗೂ ನಡುವೆ ಅಲ್ವಾ, ಹಾಗಾಗಿ ಊರಿಗೆ ಊರೇ ಅದು ನಮ್ಮ ಮನೆ ಚಿತ್ರ ಅನ್ನೋ ಹಾಗೆ ಆಡುತ್ತಿತ್ತು. ರಾಜ್‌ಕುಮಾರ್, ಜಿ.ವಿ. ಅಯ್ಯರ್, ನರಸಿಂಹರಾಜು ಮೂವರೂ ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡಿ ಬಂದವರು. ಅದರಲ್ಲೂ ನರಸಿಂಹರಾಜು ತಿಪಟೂರಿನವರೇ. ಅಜ್ಜಿ ಅಂತೂ "ನಮ್ಮ ತಿಪಟೂರು ಹುಡುಗ, ನಮ್ಮ ತಿಪಟೂರು ಹುಡುಗ" ಅಂತ ಸಂಜೆಯಿಂದ ಜಪ. ಆ ಹುಡುಗನಿಗೆ ಆಗ ಐವತ್ತು ವರ್ಷ ಆಗುತ್ತಾ ಬಂದಿತ್ತು, ಅದು ಬೇರೆ ಮಾತು.

ಅಣ್ಣ ಅಪ್ಪನ ಜೊತೆ ಮೊದಲೇ ಓಡಿ ಹೋಗಿ ಪರದೆ ಮುಂದೆ ಚಾಪೆ ಹಾಸಿಕೊಂಡು ಕೂತ. ನಾನು ಅಜ್ಜಿ ಬಾಲ. ಅಜ್ಜಿ ಪೂಜೆ, ಬಿಲ್ವಪತ್ರೆ, ತೀರ್ಥ, ಪ್ರಸಾದ ಎಲ್ಲ ಮುಗಿಸಿ ಬರುವ ಹೊತ್ತಿಗೆ ಮುಂದೆ ಕಾಲಿಡಲು ಜಾಗ ಇಲ್ಲ. ಅಕ್ಕಪಕ್ಕದ ಹಳ್ಳಿಯವರೂ ಗಾಡಿ ಕಟ್ಟಿಕೊಂಡು ಬಂದಿದ್ದರು. ಆಗ ಯಾರೋ ಹೆಂಗಸರು "ಈ ಕಡೆ ಬನ್ರವ್ವ, ಈ ಕಡೇನೂ ಕಾಣ್ತದೆ" ಅಂತ ಕೂಗಿದರು. ಹೋಗಿ ನೋಡಿದರೆ ಪರದೆ ಹಿಂದುಗಡೆ, ಅಶ್ವತ್ಥ ಕಟ್ಟೆಯ ಕಡೆ, ಅರ್ಧ ಊರಿನ ಹೆಂಗಸರು ಅಲ್ಲೇ ಕೂತಿದ್ದಾರೆ. ತೆಳು ಪಂಚೆ ತಾನೆ, ಬೆಳಕು ಆರಪಾರ ಬರುತ್ತಿತ್ತು. ಮಿಷನ್ನಿನ ಕಟಕಟ ಸದ್ದೂ ಇಲ್ಲ, ತಲೆ ಅಡ್ಡ ಬರುವವರೂ ಇಲ್ಲ. ನಿಜ ಹೇಳಬೇಕು ಅಂದರೆ ಮುಂದಿನವರಿಗಿಂತ ನಾವೇ ಆರಾಮಾಗಿದ್ದೆವು.

ಈಗ ಅಳುವಿನ ವಿಷಯಕ್ಕೆ ಬರುತ್ತೇನೆ. ದೀಪ ಆರಿತು. ಪರದೆ ಬೆಳ್ಳಗಾಯಿತು. ಅಕ್ಷರ ಬಂತು. ನನಗೆ ಆಗ ಅಕ್ಷರದ ಜಂಬ ಎಷ್ಟಿತ್ತು ಅಂದರೆ, ಬೀಡಿ ಕಟ್ಟಿನ ಕಾಗದ ಬಿಡುತ್ತಿರಲಿಲ್ಲ, ಗೊಬ್ಬರದ ಚೀಲ ಬಿಡುತ್ತಿರಲಿಲ್ಲ, ಬಸ್ಸಿನ ಬೋರ್ಡಂತೂ ಕೂಗಿ ಓದುತ್ತಿದ್ದೆ. ಅಜ್ಜಿಗೆ ಓದು ಬರುತ್ತಿರಲಿಲ್ಲ. "ನೀನು ಓದಿ ಹೇಳು ಮಗ" ಅಂತ ಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದಳು. "ನನ್ನ ಮೊಮ್ಮಗಳು ಓದ್ತಾಳೆ, ಸುಮ್ನಿರ್ರಿ" ಅಂತ ಅವರನ್ನೂ ಸುಮ್ಮನಾಗಿಸಿದಳು. ನಾನು ಬಾಯಿ ತೆರೆದೆ. ಒಂದಕ್ಷರವೂ ಓದಲು ಬರಲಿಲ್ಲ!

ನೋಡಿದರೆ ಕನ್ನಡದ ಹಾಗೇ ಇದೆ, ಆದರೆ ಕನ್ನಡ ಅಲ್ಲ. ಕೊಂಬು ಬಲಕ್ಕೆ ಇರಬೇಕಾದ್ದು ಎಡಕ್ಕೆ ತಿರುಗಿದೆ. ಒತ್ತಕ್ಷರ ಈ ಕಡೆ ಇರಬೇಕಾದ್ದು ಆ ಕಡೆ ನೇತಾಡುತ್ತಿದೆ. ಪೂರ್ತಿ ಗುರುತು ಸಿಕ್ಕಿದ್ದು ಸೊನ್ನೆ ಒಂದೇ. ಒಂದು ಸಾಲು ಹೋಯಿತು, ಇನ್ನೊಂದು ಬಂತು, ಅದೂ ಹಾಗೇ. "ಹೇಳೇ, ಏನು ಬರೆದದೆ?" ಅಂತ ಅಜ್ಜಿ ತಿವಿಯುತ್ತಿದ್ದಾಳೆ. ನನಗೆ ಅನ್ನಿಸಿದ್ದು ಇಷ್ಟೇ, ಜೂನ್‌ನಿಂದ ಕಲಿತಿದ್ದೆಲ್ಲ ಒಂದೇ ರಾತ್ರಿಯಲ್ಲಿ ಮರೆತು ಹೋಯಿತು, ನಾಳೆ ಮೇಷ್ಟ್ರಿಗೆ ಏನು ಹೇಳೋದು. ಅದಕ್ಕೆ ಅತ್ತಿದ್ದು. ಸಣ್ಣಗೆ ಅಲ್ಲ, ಬಾಯಿ ಬಿಟ್ಟು ಅತ್ತೆ. ಪರದೆಯ ಆ ಕಡೆಯಿಂದ ಅಪ್ಪ ಎದ್ದು ಬಂದರು. "ಹೆದರಿಕೊಂಡಳಾ?" ಅಂತ ಕೇಳಿದರು. ಯಾರೋ "ಹೂಂ, ಕತ್ತಲಿಗೆ" ಅಂದರು. ಮುಗಿಯಿತು. ಅವತ್ತಿನಿಂದ ನಾನು ಹೆದರಿ ಅತ್ತವಳು. ಓದಲು ಬರಲಿಲ್ಲ ಅಂತ ಹೇಳಿಕೊಳ್ಳುವುದಕ್ಕಿಂತ ಅದೇ ವಾಸಿ ಅಂತ ನಾನೂ ತೆಪ್ಪಗಿದ್ದೆ. ಪುಟ್ಟಿ, ಅದಕ್ಕೇ ಹೇಳುತ್ತಿದ್ದೇನೆ, ಮಗು ಸೌಂಡಿಗೆ ಹೆದರಿತು ಅಂತ ನೀವೇ ತೀರ್ಮಾನ ಮಾಡಬೇಡಿ. ಮೆಲ್ಲಗೆ ಕೇಳಿ ನೋಡು. ಆ ಮಡಚಿಕೊಳ್ಳುವ ಕುರ್ಚಿಯಲ್ಲಿ ಕಾಲು ಸಿಕ್ಕಿಹಾಕಿಕೊಂಡಿತ್ತೋ ಏನೋ!

ಸಿನಿಮಾ ಮಾತ್ರ ಬಲು ಚೆನ್ನಾಗಿತ್ತು. ರೀಲು ಬದಲಾಯಿಸಲು ಮೂರು ಸಲ ದೀಪ ಹಾಕಿದರು. ಆ ಸಂದಿಯಲ್ಲೇ ಒಂದೊಂದು ಭಜನೆ ಆಗುತ್ತಿತ್ತು, ಅರ್ಚಕರು ಬಿಡಬೇಕಲ್ಲ. ನಮ್ಮ ಕಡೆ ಮಾತ್ರ ಹೆಂಗಸರಿಗೆ ಒಂದು ಅನುಮಾನ ಶುರುವಾಯಿತು. ಪರದೆ ಮೇಲಿನ ಹೆಣ್ಣುಮಕ್ಕಳ ಸೆರಗು ಬಲ ಹೆಗಲ ಮೇಲಿದೆ! ಕಣ್ಣಪ್ಪ ಬಾಣ ಎಳೆಯುವುದು ಎಡಗೈಯಲ್ಲಿ! "ಇದೇನವ್ವ ಹಿಂಗೆ" ಅಂತ ಒಬ್ಬಾಕೆ ಕೇಳಿದ್ದಕ್ಕೆ ಅಜ್ಜಿ, "ಅದು ಪುರಾಣ ಕಾಲ. ಆವಾಗ ಹಂಗೇ ಇತ್ತು" ಅಂದಳು. ಎಲ್ಲರೂ ಒಪ್ಪಿದರು. ಅಜ್ಜಿ ಈ ಕತೆಯನ್ನು ನಾಟಕದಲ್ಲಿ ಬೇರೆ ನೋಡಿದ್ದಳಲ್ಲ, ಅವಳ ಮಾತಿಗೆ ಎದುರಿಲ್ಲ. ನಾನಂತೂ ರಾಜ್‌ಕುಮಾರ್ ಎಡಚರು ಅಂತಲೇ ನಂಬಿದೆ. ಸ್ಕೂಲಿನಲ್ಲಿ ಹೇಳಿಕೊಂಡೂ ಬಂದೆ. ನಮ್ಮ ಕ್ಲಾಸಿನಲ್ಲಿ ಒಬ್ಬ ಎಡಚ ಹುಡುಗ ಇದ್ದ, ಎಡಗೈಯಲ್ಲಿ ಬರೆದರೆ ಏಟು ತಿನ್ನುತ್ತಿದ್ದ. ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ ಪಾಪ.

ಮನೆಗೆ ಬಂದಮೇಲೆ ಜಗಳ. ಕಣ್ಣಪ್ಪ ಮೊದಲು ಯಾವ ಕಣ್ಣು ಕಿತ್ತುಕೊಟ್ಟ? ಅಣ್ಣ ಒಂದು ಹೇಳಿದ, ನಾನು ಅದರ ಉಲ್ಟಾ ಹೇಳಿದೆ. ಇಬ್ಬರೂ ಕಣ್ಣಾರೆ ನೋಡಿದ್ದೇವೆ, ಇಬ್ಬರೂ ದೇವರಾಣೆ ಹಾಕಿದೆವು. ಕೊನೆಗೆ ಪಂದ್ಯ ಕಟ್ಟಿದೆವು. ಅಣ್ಣನ ಹತ್ತಿರ ಒಂದು ಹಳದಿ ಗಾಜಿನ ಗೋಲಿ ಇತ್ತು, ಒಳಗೆ ಎಲೆ ಥರ ಗೆರೆ ಇರುವುದು. ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ಅದು ಅವನ ಪಂದ್ಯ. ನನ್ನದು ಒಂದು ಡಬ್ಬಿ ಬಳಪ. ತೀರ್ಪಿಗೆ ಅಜ್ಜಿ ಹತ್ತಿರ ಹೋದೆವು. ಅಜ್ಜಿ ಅಕ್ಕಿ ಆರಿಸುತ್ತಾ ತಲೆ ಎತ್ತದೆ ನಾನು ಹೇಳಿದ ಕಣ್ಣನ್ನೇ ಹೇಳಿದಳು. ಹೇಳದೆ ಇನ್ನೇನು, ಅವಳೂ ನನ್ನ ಪಕ್ಕದಲ್ಲೇ ಕೂತಿದ್ದವಳಲ್ವಾ! ಗೋಲಿ ನನಗೆ ಬಂತು. ಅಣ್ಣ ಎರಡು ದಿನ ಮಾತು ಬಿಟ್ಟ.

ಮಾರನೇ ವರ್ಷ ಹೋಬಳಿಯಲ್ಲಿ ಟೂರಿಂಗ್ ಟಾಕೀಸ್ ಹಾಕಿದರು. ಅದರ ಕತೆ ಎಲ್ಲರಿಗೂ ಗೊತ್ತಿರುವುದೇ, ಜಾಸ್ತಿ ಹೇಳಲ್ಲ. ಎತ್ತಿನ ಗಾಡಿಯ ಎರಡೂ ಕಡೆ ಬೋರ್ಡು ಕಟ್ಟಿ, ಮೈಕಿನಲ್ಲಿ "ಮರೆಯದಿರಿ, ಮರೆತು ನಿರಾಶರಾಗದಿರಿ" ಅಂತ ಕೂಗುತ್ತಾ ಬರೋರು. ಗುಲಾಬಿ ಬಣ್ಣದ ನೋಟೀಸಿಗೆ ನಾವು ಗಾಡಿ ಹಿಂದೆ ಓಡೋದು. ನೆಲಕ್ಕೆ ನಲವತ್ತು ಪೈಸೆ. ಸಂಜೆ ಘಂಟಸಾಲ ಅವರ ನಮೋ ವೆಂಕಟೇಶ ಹಾಕಿದರೆ ಟಿಕೆಟ್ ಕೊಡಲು ಶುರು ಅಂತ ಲೆಕ್ಕ. ಆ ಹಾಡು ಗಾಳಿಯಲ್ಲಿ ನಮ್ಮೂರ ಕೆರೆ ಏರಿವರೆಗೂ ಕೇಳುತ್ತಿತ್ತು. ಕೇಳಿದ ತಕ್ಷಣ ಅಮ್ಮ ಚಪ್ಪಲಿ ಹುಡುಕುತ್ತಿದ್ದಳು.

ಅಲ್ಲಿ ಮೊದಲು ನೋಡಿದ್ದು ಬಂಗಾರದ ಮನುಷ್ಯ, ಬಣ್ಣದ್ದು. ಬೆಂಗಳೂರಿನಲ್ಲಿ 1972ರಲ್ಲಿ ಬಿಡುಗಡೆ ಆಗಿದ್ದು ನಮ್ಮ ಟೆಂಟಿಗೆ ಬರಲು ಅಷ್ಟು ದಿನ ಬೇಕಾಯಿತು. ಮರಳು ಗುಡ್ಡೆ ಮಾಡಿಕೊಂಡು, ಅದರ ಮೇಲೆ ಟವೆಲ್ ಹಾಸಿ ನನ್ನನ್ನು ಕೂರಿಸಿದರು. ಈ ಸಲ ಪರದೆ ಮುಂದೆ! ಅಕ್ಷರ ಬಂತು ನೋಡು, ಎಲ್ಲವೂ ನೆಟ್ಟಗೆ ಕೂತಿದ್ದವು. ನಾನು ಸುಮ್ಮನೆ ಇರುತ್ತೇನಾ? ಗಟ್ಟಿಯಾಗಿ ಓದಿದೆ. ಹೆಸರು ಬಂದವರನ್ನೆಲ್ಲ ಓದಿದೆ. ಬೆಂಚಿನವರು "ಏ ಯಾರದು ಆ ಮಗು, ಬಾಯಿ ಮುಚ್ಚಿಸ್ರಪ್ಪ" ಅನ್ನುವವರೆಗೂ ಓದಿದೆ. ಆಮೇಲೆ ನೋಡುತ್ತೇನೆ, ರಾಜ್‌ಕುಮಾರ್ ಎಲ್ಲ ಕೆಲಸವನ್ನೂ ಬಲಗೈಯಲ್ಲೇ ಮಾಡುತ್ತಿದ್ದಾರೆ. ಎಡಗೈ ಅಭ್ಯಾಸ ಯಾರೋ ಬಿಡಿಸಿರಬೇಕು, ಅವರಿಗೂ ಮೇಷ್ಟ್ರು ಹೊಡೆದಿರಬೇಕು ಅಂದುಕೊಂಡೆ.

ಟೆಂಟಿನಲ್ಲಿ ಇದ್ದದ್ದು ಒಂದೇ ಮಿಷನ್. ಹಾಗಾಗಿ ಪ್ರತಿ ರೀಲಿಗೂ ಆಟ ನಿಲ್ಲುತ್ತಿತ್ತು. ಕಡ್ಲೆಕಾಯಿ ಮಾರುವವನಿಗೆ ಅದೇ ಬದುಕು. ಮಿಷನ್ನಿನ ಬೆಳಕು ಬಲ್ಬಿನದಲ್ಲ, ಎರಡು ಇದ್ದಿಲು ಕಡ್ಡಿಯ ತುದಿ ಹತ್ತಿರ ಹಿಡಿದರೆ ನಡುವೆ ಕಿಡಿ ಉರಿಯುತ್ತಲ್ಲ, ಅದು. ಕಾರ್ಬನ್ ಅಂತಿದ್ದರು. ಕಡ್ಡಿ ಸವೆದು ಸವೆದು ದೂರ ಆಗುತ್ತಿತ್ತು. ಆಪರೇಟರ್ ಬೀಡಿ ಸೇದಲು ಆಚೆ ಹೋದರೆ ಪರದೆ ಮಂಕಾಗುತ್ತಿತ್ತು, "ಕಾರ್ಬನ್, ಕಾರ್ಬನ್" ಅಂತ ನೆಲದವರೆಲ್ಲ ಕೂಗುತ್ತಿದ್ದರು. ಅಣ್ಣ ಪರದೆ ನೋಡಿದ್ದು ಕಡಿಮೆ. ಆ ಗೂಡಿನ ಬಾಗಿಲಲ್ಲೇ ಅವನ ಠಿಕಾಣಿ. ಆಪರೇಟರ್‌ಗೆ ಸೋಡಾ ತಂದುಕೊಟ್ಟು, ಅದರ ಬದಲು ಕಾರ್ಬನ್ ತುಂಡು, ಹರಿದ ರೀಲಿನ ತುಂಡು ಗಿಟ್ಟಿಸುತ್ತಿದ್ದ. ರೀಲು ಜಾಸ್ತಿ ಹರಿಯುವುದು ಶುರುವಿನಲ್ಲಿ, ಇಲ್ಲ ಕೊನೆಯಲ್ಲಿ. ಹಾಗಾಗಿ ಅವನಿಗೆ ಹೀರೋ ಸಿಕ್ಕಿದ್ದು ಅಪರೂಪ. ಸಿಕ್ಕಿದ್ದೆಲ್ಲ ಬರೀ ಅಕ್ಷರ.

ಅಣ್ಣಾ, ಇಲ್ಲಿಂದ ಸರಿಯಾಗಿ ಕೇಳು.

ಬೇಸಿಗೆ ರಜೆಯಲ್ಲಿ ನೀನು ಉಗ್ರಾಣದಲ್ಲಿ ಸಿನಿಮಾ ತೋರಿಸಿದ್ದು ನೆನಪಿದೆಯಾ? ಸುಟ್ಟುಹೋದ ಬಲ್ಬಿನ ಬುಡ ಒಡೆದು, ಒಳಗಿನ ತಂತಿ ತೆಗೆದು, ನೀರು ತುಂಬಿದ್ದೆ. ಅಂಗಳದಲ್ಲಿ ನಾನು ಕನ್ನಡಿ ಹಿಡಿದು ಬಿಸಿಲನ್ನು ಬಾಗಿಲ ತೂತಿಗೆ ಬಿಡಬೇಕು. ಒಳಗೆ ನೀನು ಬಲ್ಬಿನ ಮುಂದೆ ರೀಲಿನ ತುಂಡು ಹಿಡಿಯೋದು. ಗೋಡೆ ಮೇಲೆ ಚಿತ್ರ. ನನ್ನ ಕೈ ಸೋತಾಗ ಕನ್ನಡಿಯನ್ನು ಇಟ್ಟಿಗೆಗೆ ಒರಗಿಸಿ ನಾನೂ ಒಳಗೆ ಬಂದೆ. ಚಿತ್ರ ತಲೆಕೆಳಗೆ ಬೀಳುತ್ತೆ ಅಂತ ನೀನು ರೀಲನ್ನು ತಲೆಕೆಳಗು ಮಾಡಿ ಹಿಡಿಯುತ್ತಿದ್ದೆ. ಒಂದು ಸಲ ಅವಸರದಲ್ಲಿ ಮಗುಚಿ ಹಿಡಿದುಬಿಟ್ಟೆ. ಅದು "ಶುಭಂ" ಅಂತ ಇದ್ದ ತುಂಡು. ಗೋಡೆ ಮೇಲೆ ಸೊನ್ನೆ ಮೊದಲು ಬಂತು. ಆಮೇಲೆ ಭ, ಅದೂ ತಿರುಗಿ ನಿಂತಿತ್ತು. ಕೊನೆಗೆ ಶು, ಅದರ ಕೊಂಬು ಎಡಗಡೆ.

ನೀನು "ಥತ್" ಅಂತ ಸರಿಮಾಡಿ ಹಿಡಿದೆ. ಶುಭಂ ಆಯಿತು. ನನ್ನ ಎದೆ ಢವ ಢವ ಅನ್ನುತ್ತಿತ್ತು. ಇವೇ ಅಕ್ಷರ ತಾನೆ ನಾನು ಅವತ್ತು ನೋಡಿದ್ದು! ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಅಕ್ಷರ ಮರೆತಿರಲಿಲ್ಲ. ರಾಜ್‌ಕುಮಾರ್ ಎಡಚರಲ್ಲ. ಪುರಾಣ ಕಾಲದ ಸೆರಗೂ ಅಲ್ಲ. ನಾವು ಹಿಂದುಗಡೆ ಕೂತಿದ್ದೆವು, ಅಷ್ಟೇ. ಖುಷಿಯಾಗಿ ನಿನಗೆ ಹೇಳಬೇಕು ಅಂತ ಬಾಯಿ ತೆಗೆದೆ. ಆಗಲೇ ಕಣ್ಣಿನ ವಿಷಯ ಹೊಳೆಯಿತು. ಹೇಳಿದರೆ ಗೋಲಿ ವಾಪಸ್ ಕೊಡಬೇಕಲ್ಲ! ಬಾಯಿ ಮುಚ್ಚಿಕೊಂಡು ಆಚೆ ಹೋಗಿ ಕನ್ನಡಿ ಹಿಡಿದೆ. "ಯಾಕೆ ನಗ್ತಿದೀಯ" ಅಂತ ನೀನು ಒಳಗಿಂದ ಕೇಳಿದೆ. "ಬಿಸಿಲು" ಅಂದೆ.

ಅಜ್ಜಿಗೂ ಹೇಳಲಿಲ್ಲ. ಅವಳು ಕೊನೆವರೆಗೂ ನನ್ನ ಕಣ್ಣನ್ನೇ ಸರಿ ಅಂದುಕೊಂಡಿದ್ದಳು.

ಗೋಲಿ ಈಗಲೂ ಇದೆ. ಹೊಲಿಗೆ ಮಿಷನ್ ಡಬ್ಬಿಯಲ್ಲಿ, ಗುಂಡಿಗಳ ಜೊತೆ. ಒಂದು ಕಡೆ ಸ್ವಲ್ಪ ಚಕ್ಕೆ ಎದ್ದಿದೆ, ಅದು ನನ್ನ ಮಗ ಆಡುವಾಗ ಆಗಿದ್ದು, ನನ್ನನ್ನು ಬೈಯಬೇಡ. ಯುಗಾದಿಗೆ ಬಂದಾಗ ತಗೊಂಡು ಹೋಗು. ಬಳಪ ಕೇಳಬೇಡ ಮತ್ತೆ, ಅವತ್ತೇ ತಿಂದು ಮುಗಿಸಿದ್ದೆ.