ಪರದೇಶದ ಸರ್ಕಾರ ಕೊಟ್ಟ ಹಣಕ್ಕೆ 'ದೇಣಿಗೆ' ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ, ಮಡಿಕೇರಿಯಿಂದ.

ಇಲ್ಲಿನ ಕಾಫಿ ಬೆಳೆಗಾರರಿಗಾಗಿ ಒಂದು ಸಣ್ಣ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ, ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ತಡೆ ನಿಯಮ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಮಾರುಕಟ್ಟೆ ಇಲ್ಲ ಅನ್ನುತ್ತದೆ ಅದು. ತೋಟ ಎಲ್ಲಿದೆ ಅಂತ ನಕ್ಷೆಯ ಗುರುತು ಸಮೇತ ತೋರಿಸಬೇಕು. ಕೈಪಿಡಿಗೆ ಆಧಾರವಾದ ವರದಿಯ ಕೊನೆಯ ಪುಟದಲ್ಲಿ, ಯುರೋಪಿನ ಒಂದು ಸರ್ಕಾರದಿಂದ ಹಣ ಪಡೆದಿದ್ದೇವೆ ಎಂದು ಒಂದೇ ಸಾಲು ಇದೆ. ಆ ಸಾಲು ಕನ್ನಡಕ್ಕೆ ಬರ್ತಾ ಇಲ್ಲ.

ವರದಿ ಬರೆದ ಸಂಸ್ಥೆಯನ್ನು ಏನೆನ್ನಬೇಕು ಎಂಬ ತೊಂದರೆ ಇಲ್ಲ. ಸರ್ಕಾರದ ನೀತಿಗಳನ್ನು ಅಧ್ಯಯನ ಮಾಡಿ ವರದಿ ಬರೆಯುವ ಇಂಥ ಸಂಸ್ಥೆಗಳಿಗೆ (ಇಂಗ್ಲಿಷಿನ ಥಿಂಕ್ ಟ್ಯಾಂಕ್) ಪತ್ರಿಕೆಗಳು 'ಚಿಂತಕರ ಚಾವಡಿ' ಅಂತ ರೂಢಿ ಮಾಡಿಬಿಟ್ಟಿವೆ. (ಚಾವಡಿ ಕಟ್ಟೆಯಲ್ಲಿ ಕೂತು ಮಾತಾಡುವವರಿಗೆ ಸಂಬಳ ಯಾರು ಕೊಡ್ತಾರೆ ಅಂತ ಕೇಳಬೇಡಿ.) ನನ್ನ ಪ್ರಶ್ನೆ ಹಣದ್ದು.

ನಮ್ಮಲ್ಲಿ ಇದಕ್ಕೆ ಪದಗಳು ಕಮ್ಮಿಯೇನಿಲ್ಲ. 1997ರಲ್ಲಿ ಕೊಡಗಿನ ಕರಡದಲ್ಲಿ ಶುರುವಾದ, ಕೊಡವ ಕುಟುಂಬಗಳ ಹಾಕಿ ಹಬ್ಬವಾದ ಕೊಡವ ಹಾಕಿ ನಮ್ಮೆಯನ್ನೇ ನೋಡಿ. ಅದರ ಖರ್ಚಿಗೆ ಹಣವನ್ನು ಮನೆಮನೆಯಿಂದ ಎತ್ತಿದರೆ ವಂತಿಗೆ. ಯಾರೋ ಮನಸ್ಸಾಗಿ ಕೊಟ್ಟರೆ ದೇಣಿಗೆ. ಸರ್ಕಾರ ಕೊಟ್ಟರೆ ಅನುದಾನ. ಅಂಗಡಿಯವರು ಬ್ಯಾನರ್ ಕಟ್ಟಿಸಿಕೊಂಡು ಕೊಟ್ಟರೆ ಪ್ರಾಯೋಜನೆ. ಕೊಟ್ಟವನಿಗೆ ಏನು ಸಿಗುತ್ತದೆ ಎನ್ನುವುದು ಪದದಲ್ಲೇ ಗೊತ್ತಾಗುತ್ತದೆ, ಅಲ್ವಾ?

ಪರದೇಶದ ಸರ್ಕಾರದ ಹಣ ಇದರಲ್ಲಿ ಯಾವುದಕ್ಕೆ ಸೇರುತ್ತದೆ? 2014ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ವಾಷಿಂಗ್ಟನ್ನಿನ ಇಂಥ ಸಂಸ್ಥೆಗಳ ಲೆಕ್ಕ ಬಿಚ್ಚಿಟ್ಟಿತು. ಬ್ರೂಕಿಂಗ್ಸ್ ಸಂಸ್ಥೆಗೆ ಕತಾರ್ ನಾಲ್ಕು ವರ್ಷಕ್ಕೆ 1.48 ಕೋಟಿ ಡಾಲರ್ ಕೊಡಲು ಒಪ್ಪಿತ್ತು. ಇನ್ನೊಂದು ಸಂಸ್ಥೆಗೆ ನಾರ್ವೆ 50 ಲಕ್ಷ ಡಾಲರ್ ಕೊಟ್ಟಿತ್ತು. ಅಮೆರಿಕದ ಒಂದು ವಿದೇಶಿ ನೆರವಿನ ಕಾರ್ಯಕ್ರಮಕ್ಕೆ ಹಣ ದುಪ್ಪಟ್ಟು ಮಾಡುವಂತೆ ಅಲ್ಲಿನ ಅಧಿಕಾರಿಗಳ ಮೇಲೆ ಒತ್ತಡ ತರಬೇಕು ಎನ್ನುವುದು ಆ ಒಪ್ಪಂದದಲ್ಲೇ ಇತ್ತು. ನಮ್ಮ ಅಧ್ಯಯನದ ಮೇಲೆ ಹಣದ ಪ್ರಭಾವ ಇಲ್ಲ ಅಂತ ಸಂಸ್ಥೆಗಳು ಹೇಳಿದವು. ಇರಬಹುದು. ಆದರೆ ಇಂಥ ಕೆಲಸ ಮಾಡಿಕೊಡಿ ಅಂತ ಬರೆದುಕೊಟ್ಟ ಹಣಕ್ಕೆ 'ದೇಣಿಗೆ' ಅಂದರೆ ನನಗೆ ಒಗ್ಗುವುದಿಲ್ಲ.

ಕಾನೂನಿನ ಪದ ಹಿಡಿಯೋಣ ಅಂದರೆ ಅಲ್ಲೂ ತೊಡಕು. ವಿದೇಶದಿಂದ ಸಂಸ್ಥೆಗಳಿಗೆ ಬರುವ ಹಣದ ಮೇಲೆ ಹಿಡಿತವಿಡುವ ನಮ್ಮ ದೇಶದ 2010ರ ಕಾಯ್ದೆಯನ್ನು ಕೆಲವರು 'ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ' ಅಂತಾರೆ, ಕೆಲವರು 'ವಂತಿಗೆ', ಇನ್ನು ಕೆಲವರು 'ಕೊಡುಗೆ'. ಮಾಮೂಲಿ ವ್ಯವಹಾರದಲ್ಲಿ ಮಾಡಿದ ಕೆಲಸಕ್ಕೆ ಪಡೆದ ಶುಲ್ಕವನ್ನು ಆ ಕಾಯ್ದೆ ಇದರಿಂದ ಹೊರಗಿಟ್ಟಿದೆ. ಅಂದರೆ ನಾನು ಸುಮ್ನೆ 'ಶುಲ್ಕ' ಅಂತ ಬರೆದರೆ ಆ ಸಂಸ್ಥೆ ಕಾಯ್ದೆಯಿಂದಲೇ ಆಚೆ ಇದೆ ಅಂತ ಓದುಗರಿಗೆ ಅನ್ನಿಸಬಹುದು. 'ನೆರವು' ಅಂದರೆ ಪ್ರವಾಹಕ್ಕೆ ಅಕ್ಕಿ ಕಳಿಸಿದ ಹಾಗಾಗುತ್ತದೆ. 'ಅನುದಾನ' ಅಂತ ಬರೆದರೆ ನಮ್ಮವರು ಬೆಂಗಳೂರಿನ ಸರ್ಕಾರವೇ ಕೊಟ್ಟಿದೆ ಅಂದುಕೊಳ್ತಾರೆ. ಅದು ಪೂರಾ ತಪ್ಪು ಅರ್ಥ.

ಇನ್ನೊಂದು ತುದಿಯೂ ಬೇಡ. ಪಶ್ಚಿಮ ಘಟ್ಟದ ಕಾಡು ಉಳಿಸುವ ವಿಷಯ ಎತ್ತಿದವರಿಗೆಲ್ಲ 'ವಿದೇಶಿ ಹಣ' ಅಂತ ಬಯ್ಯುವ ಮಾತನ್ನು ಇಲ್ಲಿ ಸಾಕಷ್ಟು ಕೇಳಿದ್ದೇವೆ. ಅದು ಈಗ ವಿವರಣೆಯಾಗಿ ಉಳಿದಿಲ್ಲ, ಆರೋಪವಾಗಿದೆ. ಹಣ ಪಡೆದದ್ದನ್ನು ತಾವೇ ಹೇಳಿಕೊಂಡ ಸಂಸ್ಥೆಯ ಮೇಲೆ ನಾನು ಆ ಪದ ಹಾಕಿದರೆ ಅನ್ಯಾಯ.

ಸದ್ಯಕ್ಕೆ 'ಈ ಅಧ್ಯಯನದ ಖರ್ಚು ಕೊಟ್ಟವರು ಇಂಥ ದೇಶದ ಸರ್ಕಾರ' ಅಂತ ಬರೆದಿಟ್ಟಿದ್ದೇನೆ. ಅರ್ಥ ನೇರವಾಗಿದೆ. ಆದರೆ ಸಂಸ್ಥೆಗೆ ಬಂದದ್ದು ಈ ಒಂದು ಅಧ್ಯಯನದ ಖರ್ಚೋ, ವರ್ಷವಿಡೀ ನಡೆಸುವ ಹಣವೋ ಎನ್ನುವ ವ್ಯತ್ಯಾಸಕ್ಕೆ ಬೇರೆ ಬೇರೆ ಪದ ಬೇಕು. 'ಯೋಜನಾ ಹಣ', 'ನಿರ್ವಹಣಾ ಹಣ' ನಡೆಯುತ್ತವಾ? ಲೆಕ್ಕಪತ್ರ ಬರೆಯುವವರು ಇದಕ್ಕೆ ಏನಂತೀರಿ? ಅರೆಭಾಷೆ, ಕೊಡವ ತಕ್ಕ್ ಮಾತಾಡುವವರು ಮನೆಯಲ್ಲಿ ಬಳಸುವ ಪದವಿದ್ದರೆ ಅದನ್ನೂ ಬರೆಯಿರಿ. ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.