ಅಪ್‌ಡೇಟ್: ನಮ್ಮ ಅಧ್ಯಕ್ಷರು ಟಿವಿಯಲ್ಲಿ ಮಾತಾಡಿದರು

ಹೋದ ತಿಂಗಳು ಕೇಳಿದ್ದೆ: ಸಕಲೇಶಪುರ ಕಡೆಯ ನಮ್ಮ ಬೆಳೆಗಾರರ ಸಂಘದ ಅಧ್ಯಕ್ಷರು ಕಾಡಾನೆ ಹಾವಳಿ ಬಗ್ಗೆ ಟಿವಿ, ರೇಡಿಯೋದಲ್ಲಿ ಮಾತಾಡಬೇಕು, ಅವರನ್ನು ಹೇಗೆ ತಯಾರು ಮಾಡಲಿ ಅಂತ. ಎರಡೂ ಮುಗಿದವು.

ನೀವು ಹೇಳಿದ ಹಾಗೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತೋರಿಸಿದೆ. ಮೊದಲ ಉತ್ತರವೇ ನಾಲ್ಕು ನಿಮಿಷ! ಅದರಲ್ಲಿ ಅವರ ತಾತ ತೋಟ ಮಾಡಿದ ಕಥೆ ಎರಡು ನಿಮಿಷ. "ಗೌಡ್ರೇ, ನ್ಯೂಸಲ್ಲಿ ಹಾಕೋದು ಇಪ್ಪತ್ತು ಸೆಕೆಂಡ್ ಅಷ್ಟೇ ಅಲ್ವಾ?" ಅಂದೆ. ಮುಖ ಸಪ್ಪಗಾಯಿತು. ಮಾರನೇ ದಿನ ಅವರೇ ಒಂದು ಮಾತು ಹಿಡಿದು ಬಂದರು: "ಬೆಳಗ್ಗೆ ತೋಟಕ್ಕೆ ಕಾಲಿಡೋಕೇ ಆಳುಗಳು ಹೆದರ್ತಾರೆ."

ಟಿವಿಯಲ್ಲಿ ಕಷ್ಟದ ಪ್ರಶ್ನೆ ಬಂದೇ ಬಂತು. 2023ರ ಡಿಸೆಂಬರ್‌ನಲ್ಲಿ ಯಸಳೂರು ಹತ್ತಿರ ಕಾಡಾನೆ ಹಿಡಿಯಲು ಹೋಗಿ ದಸರಾ ಆನೆ ಅರ್ಜುನ ಸತ್ತಿತಲ್ಲ, ಇನ್ನೂ ಆನೆ ಹಿಡೀರಿ ಅಂತೀರಾ ಅಂತ ಟಿವಿಯವರು ಕೇಳಿದರು. ಇದನ್ನು ಮೊದಲೇ ಅಭ್ಯಾಸ ಮಾಡಿಸಿದ್ದೆ, ಹಾಗಾಗಿ ಅಧ್ಯಕ್ಷರು ರೇಗಲಿಲ್ಲ. "ಅರ್ಜುನನಿಗೆ ನಾವೂ ಅತ್ತಿದ್ದೀವಿ" ಅಂದು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಆಳುಗಳ ಮಾತಿಗೆ ಬಂದರು.

ರೇಡಿಯೋದಲ್ಲಿ ಎಡವಿದ್ದು ನಾನೇ. ಸುಮ್ನೆ ಇರಲಿ ಅಂತ ಕೈಗೊಂದು ಚೀಟಿ ಕೊಟ್ಟಿದ್ದೆ. ಉದ್ದಕ್ಕೂ ಅದರದೇ ಪರಪರ ಸದ್ದು.